ಗೀಟು ಅಂದರೆ ಸೊನ್ನೆಯಲ್ಲ

ಮನೆಯಿಂದ, ಹಿಂದಿನ ಕೋಣೆ
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ಅಣ್ಣನಿಗೆ,

"ಪ್ರೀತಿಯ" ಅಂತ ಬರೆದು ಹೊಡೆದುಹಾಕಿದ್ದೇನೆ. ಹೊಡೆದುಹಾಕಿದ್ದು ನಿನಗೆ ಕಾಣಲಿ ಅಂತಲೇ ಹೊಸ ಹಾಳೆ ತೆಗೆದುಕೊಳ್ಳಲಿಲ್ಲ. ನಿನ್ನ ಮಂಡಿ ಹೇಗಿದೆ? ಪತ್ರದಲ್ಲಿ ಮೊದಲು ಆರೋಗ್ಯ ಕೇಳಬೇಕು ಅಂತ ಅಮ್ಮ ಕಲಿಸಿದ್ದಾಳೆ, ಅದಕ್ಕೆ ಕೇಳಿದ್ದೇನೆ. ನೋವು ಕಡಿಮೆಯಾಗಿದ್ದರೆ ಒಳ್ಳೆಯದೇ, ಜಾಸ್ತಿಯಾಗಿದ್ದರೆ ನನಗೆ ಬೇಜಾರಾಗುತ್ತದೋ ಇಲ್ಲವೋ ಈಗ ಹೇಳಲಾರೆ. ಇಲ್ಲಿ ಅಪ್ಪನ ಕೆಮ್ಮು ಇಳಿದಿದೆ. ಶೆಡ್ಡಿನಲ್ಲಿ ಯಾರದೋ ದೋಣಿಯ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದಾರೆ. ನಿಮ್ಮಿಬ್ಬರ ಜಗಳದಲ್ಲಿ ನಟ್ಟು ಬೋಲ್ಟು ಏನೂ ಇಲ್ಲ, ನನಗೆ ಅರ್ಥವಾಗೋದಿಲ್ಲ, ನನ್ನನ್ನ ಎಳೀಬೇಡಿ ಅಂದುಬಿಟ್ಟಿದ್ದಾರೆ. ಅಮ್ಮ ಚೆನ್ನಾಗಿದ್ದಾಳೆ. ಆದರೆ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಊಟಕ್ಕೆ ಕರೆಯುವುದಕ್ಕೂ ತಟ್ಟೆಯನ್ನು ಕುಕ್ಕಿ ಶಬ್ದ ಮಾಡುತ್ತಾಳೆ. ನನ್ನ ಬಲಗಿವಿಯ ಮೇಲ್ತುದಿಯಲ್ಲಿ ಹಕ್ಕಿ ಕುಕ್ಕಿದ ಗಾಯವಾಗಿದೆ. ಆರೋಗ್ಯದ ಸಮಾಚಾರ ಇಷ್ಟೇ.

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಅಂತ ನಿನಗೆ ಗೊತ್ತು. ಶುಕ್ರವಾರ ಮಾಡಿದ್ದೆ. "ಒಂದು ಗೀಟಿಗೆ ಇಷ್ಟು ರಂಪ ಮಾಡ್ತೀಯಲ್ಲೇ ಬುಗುರಿ, ನಿನಗೇನು ಬೇರೆ ಕೆಲಸ ಇಲ್ವಾ?" ಅಂತ ನೀನು ನಕ್ಕೆ. ಒಂದಲ್ಲ, ಹದಿಮೂರು ಅಂತ ನಾನು ಹೇಳಿದೆ. "ಆಯ್ತು ಮಹಾತಾಯಿ, ಹದಿಮೂರು. ನನಗೆ ಮೀಟಿಂಗಿದೆ" ಅಂತ ನೀನು ಇಟ್ಟುಬಿಟ್ಟೆ. ಆಮೇಲೆ ನಾಲ್ಕು ಸಲ ಮಾಡಿದರೂ ಎತ್ತಲಿಲ್ಲ. ಕಾಗದವನ್ನು ಅರ್ಧದಲ್ಲಿ ಇಡಬಹುದು, ಹರಿದೂ ಹಾಕಬಹುದು, ಆದರೆ ನಾನು ಹೇಳುತ್ತಿರುವಾಗ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅಷ್ಟು ಸಾಕು ನನಗೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನಿನಗೆ ಬೇಕಾದದ್ದನ್ನು ಮರೆಯುವುದು ನಿನಗೆ ಸುಲಭ. ಒಂದೂವರೆ ತಿಂಗಳ ಹಿಂದೆ ನೀನು ಕಂಪನಿಯ ಹೊಸ ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ. ರಕ್ಷಿತ ತೀರದ ಉತ್ತರದ ತುದಿಗೆ ಇಪ್ಪತ್ತೊಂದು ದಿನ ದಿನವೂ ಹೋಗಿ, ಮರಳಿನ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಗೂಡು ಎಣಿಸಿ ವರದಿ ಕೊಡಬೇಕು, ಆ ಕೆಲಸ ನಿನ್ನದು. ಗೂಡುಗಳಿದ್ದರೆ ಆ ತುದಿ ಈಗಿನ ಹಾಗೆ ಮುಚ್ಚಿಯೇ ಇರುತ್ತದೆ. ಇಲ್ಲದಿದ್ದರೆ ಜೀಪಿನ ದಾರಿ, ಸ್ನಾನದ ಕೋಣೆ, ಸಾಲು ಅಂಗಡಿ. ಊಟ ಮಾಡುತ್ತ ನೀನೇ ಕೈಯಾಡಿಸಿಕೊಂಡು ವಿವರಿಸಿದ್ದೆ. ಮೊದಲ ದಿನ ಅಳಿವೆ ದಾಟುವಾಗ ಕಾಲು ಉಳುಕಿಸಿಕೊಂಡು ಕುಂಟುತ್ತ ವಾಪಸು ಬಂದೆ. ನೀನು ಆ ತೀರಕ್ಕೆ ಹೋಗಿದ್ದು ಆ ಒಂದು ದಿನ, ಅದೂ ಅಳಿವೆಯ ಈಚೆ ದಡದವರೆಗೆ. ಆಮೇಲೆ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ನನಗೆ ಹೇಳಿದೆ: "ನೀನು ಹೋಗಿ ಬಾರೇ. ಒಂದು ಕಡೆ ಕೂತು ನಿನಗೆ ಹೇಗೂ ಅಭ್ಯಾಸ ಇಲ್ಲ. ಎಣಿಸಿದವಳು ಅಂತ ನಿನ್ನ ಹೆಸರೂ ಹಾಕ್ತೀನಿ." ಆ ಕೊನೆಯ ಮಾತಿಗೆ ನಾನು ಬಿದ್ದೆ. ಶಾಲೆ ಬಿಟ್ಟ ಮೇಲೆ ನನ್ನ ಹೆಸರನ್ನು ಯಾರೂ ಯಾವ ಕಾಗದದ ಮೇಲೂ ಬರೆದಿರಲಿಲ್ಲ.

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಹೋದೆ. ಆ ತೀರ ನನಗೆ ಹಿಡಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದರೆ ತಂತಿಬೇಲಿ, ಬೇಲಿಯ ಮೇಲೆ ತುಕ್ಕು ಹಿಡಿದ ಬೋರ್ಡು, ಅಲ್ಲಿಂದ ಮುಕ್ಕಾಲು ಗಂಟೆ ಕಾಲು ಕೊಯ್ಯುವ ಹುಲ್ಲು. ಹುಲ್ಲು ಮುಗಿದ ಕಡೆ ಅಳಿವೆ. ಇಳಿತದ ಹೊತ್ತು ನೋಡಿಕೊಂಡು ದಾಟಬೇಕು, ಆಗಲೂ ನೀರು ಸೊಂಟದವರೆಗೆ ಬರುತ್ತದೆ, ಕೆಳಗಿನ ಮರಳು ಕಾಲಿಗೆ ಸಿಗದೆ ಜಾರುತ್ತದೆ. ಆಚೆ ದಡದಲ್ಲಿ ಒಂದು ಮರವಿಲ್ಲ, ಒಂದು ಬಂಡೆಯ ನೆರಳಿಲ್ಲ. ಕಣ್ಣು ಹಾಯುವಷ್ಟು ದೂರ ಮರಳು, ಕಪ್ಪೆಚಿಪ್ಪಿನ ಚೂರು, ಹರಿದ ಬಲೆಯ ಗಂಟು, ಒಂಟಿ ಚಪ್ಪಲಿ, ಲೋಳೆಯಂತೆ ಬಿದ್ದಿರುವ ಅಂಬಲಿಮೀನು. ಗಾಳಿ ಮೇಲಿನಿಂದ ಬೀಸುವುದಿಲ್ಲ, ನೆಲದುದ್ದಕ್ಕೂ ಮರಳನ್ನು ಹೊತ್ತುಕೊಂಡು ಬಂದು ಹಲ್ಲಿಗೇ ಹೊಡೆಯುತ್ತದೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಹಕ್ಕಿಗಳು ಶುರು. ಅಂಗೈಗಿಂತ ಸ್ವಲ್ಪ ದೊಡ್ಡ ಬಿಳಿ ಹಕ್ಕಿ, ತಲೆಗೆ ಕಪ್ಪು ಟೋಪಿ ಹಾಕಿದಂತಿದೆ. ನಿನ್ನ ವರದಿಯಲ್ಲಿ ಅದಕ್ಕೆ ಉದ್ದದ ಹೆಸರಿದೆ, ನಾನು ಕರಿಟೋಪಿ ಅನ್ನುತ್ತೇನೆ. ಒಂದರ ಹಿಂದೆ ಒಂದು ನೆತ್ತಿಯ ಮೇಲೆ ಎರಗಿ, ಕಿರುಚಿ, ಹಿಕ್ಕೆ ಹಾಕಿ, ಮತ್ತೆ ಎರಗುತ್ತವೆ. ಬುತ್ತಿಡಬ್ಬಿಯ ಮುಚ್ಚಳವನ್ನು ತಲೆಯ ಮೇಲೆ ಹಿಡಿದುಕೊಂಡು ಎಣಿಸಿದೆ. ಮೂರನೆಯ ದಿನದ ಹೊತ್ತಿಗೆ ನನಗೆ ಅವುಗಳ ಮೇಲೆ ಗೌರವ ಬಂದಿತ್ತು. ಅಷ್ಟು ಸಿಟ್ಟನ್ನು ಯಾರ ಅಪ್ಪಣೆಯೂ ಇಲ್ಲದೆ, ಯಾರ ಕ್ಷಮೆಯೂ ಕೇಳದೆ ತೋರಿಸುವವರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನನ್ನ ಬಳಗ ಸಿಕ್ಕಿದಂತಾಯಿತು.

ಗೂಡು ಅಂದರೆ ಅಲ್ಲಿ ಹುಲ್ಲು ಕಡ್ಡಿಯ ಗೂಡಲ್ಲ. ಹೆಬ್ಬೆರಳಿನಿಂದ ಒತ್ತಿದಂಥ ಒಂದು ಗುಳಿ, ಅದರಲ್ಲಿ ಎರಡು ಮೊಟ್ಟೆ, ಮೊಟ್ಟೆಯ ಬಣ್ಣ ಪಕ್ಕದ ಕಲ್ಲಿನ ಬಣ್ಣವೇ. ಹುಡುಕಲು ಕಣ್ಣಿಗಿಂತ ತಾಳ್ಮೆ ಬೇಕು. ನನ್ನಲ್ಲಿ ಅದು ಇಲ್ಲ ಅಂತ ಮನೆಮಂದಿಯೆಲ್ಲ ಹೇಳುತ್ತೀರಿ. ಆದರೂ ಕಂಡ ಪ್ರತಿ ಗೂಡಿನಿಂದ ಎರಡು ಮಾರು ದೂರದಲ್ಲಿ ಒಂದು ಚಿಪ್ಪು ನೆಟ್ಟು ಗುರುತು ಮಾಡಿದೆ. ಮೊದಲ ದಿನ ಹನ್ನೆರಡು. ಆಮೇಲೆ ಹತ್ತೊಂಬತ್ತು, ಇಪ್ಪತ್ತಾರು, ಮೂವತ್ತೊಂದು, ಹೀಗೆ ಎಂಟನೆಯ ದಿನ ನಲವತ್ಮೂರಕ್ಕೆ ನಿಂತಿತು. ಒಂಬತ್ತನೆಯ ದಿನವೂ ಅದೇ ನಲವತ್ಮೂರು. ಎಣಿಕೆ ಪುಸ್ತಕದಲ್ಲಿ ನಲವತ್ಮೂರರ ಕೆಳಗೆ ನಾನು ಒಂದು ಗೀಟು ಎಳೆದೆ. ಹತ್ತನೆಯ ದಿನ ಗೀಟು. ಇಪ್ಪತ್ತೊಂದರವರೆಗೆ ಗೀಟು. ಒಟ್ಟು ಹದಿಮೂರು.

ನಿನ್ನ ವರದಿಯಲ್ಲಿ ನಲವತ್ಮೂರರ ಕೆಳಗೆ ಹದಿಮೂರು ಸೊನ್ನೆಗಳಿವೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಒಂದು ವಾಕ್ಯ: "ಎಂಟನೇ ದಿನದ ನಂತರ ಒಂದು ಗೂಡೂ ಕಂಡುಬಂದಿಲ್ಲ, ಹಕ್ಕಿಗಳು ಈ ಸ್ಥಳವನ್ನು ತೊರೆದಿವೆ." ಅದರ ಕೆಳಗೆ ನಿನ್ನ ಸಹಿ. ಸಹಿಯ ಕೆಳಗೆ, ಹೇಳಿದ ಮಾತಿಗೆ ತಪ್ಪದೆ, ಎಣಿಸಿದವರು ಅಂತ ನನ್ನ ಹೆಸರು. ನನಗೆ ಇದನ್ನು ತೋರಿಸಿದವನು ನೀನಲ್ಲ, ಪೀಪಿ ಮಾಮ. ಬೇಲಿಯ ಹತ್ತಿರ ಕತ್ತಿಗೆ ಪೀಪಿ ನೇತುಹಾಕಿಕೊಂಡು ಕೂರುವ ಕಾವಲುಗಾರ. ಪಕ್ಷಿಪ್ರೇಮಿಗಳಿಗಿಂತ ಹೆಚ್ಚಾಗಿ ಪ್ರೇಮಿಗಳನ್ನೇ ಓಡಿಸಿ ಸುಸ್ತಾಗಿರುವ ಮನುಷ್ಯ. ಹೋದಾಗಲೆಲ್ಲ ನನಗೆ ಇಳಿತದ ಹೊತ್ತು ಹೇಳಿಕೊಟ್ಟವನು ಅವನೇ. ಅರಣ್ಯ ಇಲಾಖೆಯ ಕಚೇರಿಯ ಬೋರ್ಡಿಗೆ ಅಂಟಿಸಿದ್ದ ವರದಿಯ ಪ್ರತಿಯನ್ನು ಕಿತ್ತುಕೊಂಡು ನಮ್ಮ ಮನೆ ಬಾಗಿಲಿಗೇ ಬಂದ. "ಏನಮ್ಮಾ, ನಲವತ್ಮೂರು ಗೂಡು ಒಂದೇ ದಿನದಲ್ಲಿ ಆವಿಯಾಗಿ ಹೋದ್ವಾ? ಮೊಟ್ಟೆ ನೀನೇ ಹುರಿದು ತಿಂದ್ಯಾ, ಇಲ್ಲಾ ನಿಮ್ಮಣ್ಣ ತಿಂದನಾ?" ಅಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ನನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಮಾತಾಡಿದ.

ಟೈಪ್ ಮಾಡಿದವನ ತಪ್ಪು ಅನ್ನಬೇಡ. ಟೈಪ್ ಮಾಡಿದವನು ಪಾಪ, ಅವನು ಎಲ್ಲಿಂದಲೋ ಬಂದವನು, ಅವನಿಗೆ ಗೀಟು ಅಂದರೆ ಏನೂ ಇಲ್ಲ ಅಂತಲೇ ಅರ್ಥ. ಯಾರಿಗಾದರೂ ಹಾಗೆಯೇ. ನಮ್ಮ ಮನೆಯವರಿಗೆ ಮಾತ್ರ ಹಾಗಲ್ಲ. ಅಜ್ಜಿ ಎರಡು ವರ್ಷ ಮಲಗಿದಲ್ಲೇ ಇದ್ದಾಗ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಅಮ್ಮ ದಿನಾ ಬರೆಯುತ್ತಿದ್ದಳು: ಜ್ವರ ಎಷ್ಟು, ಎಷ್ಟು ತುತ್ತು ತಿಂದಳು, ಯಾರ ಗುರುತು ಹಿಡಿದಳು. ನಿನ್ನೆಯಂತೆಯೇ ಇದ್ದರೆ ಮತ್ತೆ ಬರೆಯುವ ಗೋಜಿಲ್ಲ, ಒಂದು ಗೀಟು. ಗೀಟು ಬಿದ್ದ ದಿನ ಮನೆಯಲ್ಲಿ ಎಲ್ಲರೂ ಹಗುರವಾಗಿರುತ್ತಿದ್ದೆವು. ಶಾಲೆಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ನೀನು ಕೇಳುತ್ತಿದ್ದೆ: "ಅಮ್ಮಾ, ಇವತ್ತೂ ಗೀಟಾ?" ಹೌದು ಅಂದರೆ ಪೆನ್ಸಿಲ್ ಕಿತ್ತುಕೊಂಡು ಅದನ್ನು ನೀನೇ ಎಳೆಯುತ್ತಿದ್ದೆ, ಸ್ಕೇಲು ಇಟ್ಟು, ನೆಟ್ಟಗೆ. ನನಗೆ ಒಂದು ದಿನವೂ ಬಿಡಲಿಲ್ಲ. ಗೀಟು ಅಂದರೆ ನಿನ್ನೆ ಇದ್ದದ್ದು ಇವತ್ತೂ ಇದೆ ಅಂತ. ಅಜ್ಜಿ ಹೋದ ದಿನದ ಚೌಕದಲ್ಲಿ ಅಮ್ಮ ಏನನ್ನೂ ಬರೆಯಲಿಲ್ಲ. ನಮ್ಮಲ್ಲಿ ಇಲ್ಲ ಅನ್ನುವುದಕ್ಕೆ ಖಾಲಿ ಬಿಡುತ್ತಾರೆ. ಇದು ಈ ಭೂಮಿಯ ಮೇಲೆ ನಾಲ್ಕು ಜನರಿಗೆ ಗೊತ್ತಿರುವ ಲಿಪಿ, ಆ ನಾಲ್ವರಲ್ಲಿ ನೀನೊಬ್ಬ. ನನ್ನ ಪುಸ್ತಕ ತೆರೆದು ಆ ಗೀಟುಗಳನ್ನು ನೋಡಿದಾಗ ನಿನ್ನ ಕೈಗೆ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ನೀನು ಪುಸ್ತಕ ತೆರೆದೇ ನೋಡದೆ ಟೈಪಿಗೆ ಕೊಟ್ಟೆಯೋ, ನೋಡಿಯೂ ಸುಮ್ಮನಿದ್ದೆಯೋ, ಸೊನ್ನೆಯೇ ಬೇಕು ಅಂತ ಕಂಪನಿಯಲ್ಲಿ ಯಾರಾದರೂ ಹೇಳಿದರೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಆದರೆ ಸಹಿ ಹಾಕುವಾಗ ನಿನ್ನ ಕಣ್ಣು ಆ ಹಾಳೆಯ ಮೇಲಿತ್ತು ಅನ್ನುವುದು ಗೊತ್ತು. ಅಷ್ಟಕ್ಕೆ ನಿನ್ನನ್ನು ಬೈಯಬಹುದು, ಬೈಯುತ್ತಿದ್ದೇನೆ.

ನಿನಗೆ ಇನ್ನೊಂದು ವಿಷಯ ನೆನಪಿರಬೇಕು. ಹದಿನೈದನೇ ವಯಸ್ಸಿನಲ್ಲಿ ಪರೀಕ್ಷೆಯ ಕೋಣೆಗೆ ತಪಾಸಣೆಯವರು ಬಂದು ಯಾರಾದರೂ ನೋಡಿ ಬರೆದಿದ್ದೀರಾ ಅಂತ ಕೇಳಿದಾಗ ನಾನು ಎದ್ದು ನಿಂತೆ. ಹೌದು, ಮೂರನೇ ಪ್ರಶ್ನೆಯ ಉತ್ತರ ಮೇಷ್ಟ್ರೇ ಹೇಳಿಕೊಟ್ಟರು, ನಾನು ಬರೆದೆ ಅಂದೆ. ಶಾಲೆಯವರು ನನ್ನನ್ನು ಹೊರಗೆ ಹಾಕಿದರು, ನಾನು ಹೇಳಿದ್ದು ಸುಳ್ಳು ಅಂತ ಬರೆದುಕೊಟ್ಟರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಅಂದರು. ಬರೆದುಕೊಡಲಿಲ್ಲ. ಅಪ್ಪ ತಲೆ ಚಚ್ಚಿಕೊಂಡರು, ಅಮ್ಮ ಅತ್ತಳು. ನೀನು ಮಾತ್ರ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದೆ, "ಬಿಡೇ, ನಿನ್ನಂಥ ಮೊಂಡು ಕತ್ತೆಯನ್ನ ಸಾಕೋ ಯೋಗ್ಯತೆ ಆ ಶಾಲೆಗಿಲ್ಲ" ಅಂದೆ. ನಾಲ್ಕು ವರ್ಷದಿಂದ ಆ ಒಂದು ಮಾತನ್ನು ಇಟ್ಟುಕೊಂಡು ಬದುಕಿದ್ದೇನೆ ಕಣೋ. ಬಟ್ಟೆ ಅಂಗಡಿಯಲ್ಲಿ ಮೂರು ತಿಂಗಳು, ಅಚ್ಚುಕೂಟದಲ್ಲಿ ಎರಡು ತಿಂಗಳು, ದವಾಖಾನೆಯಲ್ಲಿ ಚೀಟಿ ಕೊಡುವ ಕೆಲಸ ಹನ್ನೊಂದು ದಿನ. ಎಲ್ಲಿಯೂ ನಿಲ್ಲಲಿಲ್ಲ, ನಿಲ್ಲದಿದ್ದಾಗಲೆಲ್ಲ ಆ ಮಾತನ್ನೇ ನೆನೆಸಿಕೊಂಡೆ. ಈಗ ನೀನೇ ನನ್ನ ಹೆಸರನ್ನು ಸುಳ್ಳಿನ ಕೆಳಗೆ ಬರೆದಿದ್ದೀಯ. ಆ ಶಾಲೆಯವರು ಕೇಳಿದ್ದೂ ಅದನ್ನೇ. ಅವರು ನನ್ನ ಕೈಯಿಂದ ಬರೆಸಲು ನೋಡಿದರು, ನಿನಗೆ ಅಷ್ಟೂ ತೊಂದರೆ ಬೇಕಾಗಲಿಲ್ಲ.

ಹಾಗಾಗಿ ಶನಿವಾರ ಅದೇ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟೆ. ಅಲ್ಲಿಯ ಮೇಡಂ ದೊಡ್ಡ ಹುದ್ದೆಯವರು, ಸಣ್ಣ ದನಿಯವರು. ಅರ್ಜಿಯನ್ನು ಎರಡು ಸಲ ಓದಿ, "ಇದರಲ್ಲಿ ಅಣ್ಣ ಅಂತ ಬರೆದಿದೀಯಲ್ಲ, ಸ್ವಂತ ಅಣ್ಣನಾ?" ಅಂತ ಕೇಳಿದರು. ಹೌದು ಅಂದೆ. ಅರ್ಜಿಯನ್ನು ಮಡಚಿಟ್ಟು, "ಸೋಮವಾರ ಬೆಳಗ್ಗೆ ಏಳಕ್ಕೆ ಕೊನೇ ಸ್ಟಾಪಿನಲ್ಲಿರು. ನನ್ನ ಕಣ್ಣಿಗೆ ಕಾಣಿಸಬೇಕು, ಆಮೇಲೆ ಮಾತು" ಅಂದರು. ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನಾನೂ ಬರ್ತೀನಿ ಅಂತ ಅಮ್ಮ ಹಟ ಹಿಡಿದಳು. ಅಟ್ಟದಿಂದ ಹಳೆಯ ಕ್ಯಾಲೆಂಡರ್ ಇಳಿಸಿ, ಧೂಳು ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎದೆಗೆ ಅವಚಿಕೊಂಡಳು. "ನನ್ನ ಗೀಟಿಗೆ ನಾನೇ ಸಾಕ್ಷಿ ಹೇಳ್ಬೇಕು, ನಿಮ್ಮಿಬ್ಬರನ್ನ ನಂಬ್ಕೊಂಡು ಕೂರಕ್ಕಾಗಲ್ಲ" ಅಂದಳು. ಮನೆಯ ಹೊಲಿಗೆ ಮಿಷನ್ನು ಬಿಟ್ಟು ಒಂದು ದಿನವೂ ಎಲ್ಲಿಗೂ ಹೋಗದವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಆ ಹುಲ್ಲಿನಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ಅಳಿವೆಯಲ್ಲಿ ಕ್ಯಾಲೆಂಡರನ್ನು ತಲೆಯ ಮೇಲಿಟ್ಟುಕೊಂಡಳು. ಪೀಪಿ ಮಾಮ ಕೈ ಕೊಡಲು ಬಂದರೆ, "ನನ್ನನ್ನ ಬಿಟ್ಟು ಕ್ಯಾಲೆಂಡರ್ ಹಿಡ್ಕೊಳ್ಳಪ್ಪಾ" ಅಂದಳು. ಆಚೆ ದಡ ಹತ್ತಿ, ಆ ಬೋಳು ಮರಳನ್ನು ಎಡಕ್ಕೂ ಬಲಕ್ಕೂ ನೋಡಿ, ಹಲ್ಲಿನ ನಡುವಿನ ಮರಳನ್ನು ಉಗುಳಿ, "ಇಷ್ಟಕ್ಕಾ ಅಣ್ಣ ತಂಗಿ ಹೊಡೆದಾಡ್ತಿರೋದು? ಕೂರಕ್ಕೆ ಒಂದು ಜಾಗ ಇಲ್ವಲ್ಲೇ!" ಅಂದಳು.

ಮೇಡಂಗೂ ಮೊದಲು ಏನೂ ಕಾಣಲಿಲ್ಲ. ವರದಿಯನ್ನು ಮಡಚಿ ಬಿಸಿಲಿಗೆ ಅಡ್ಡ ಹಿಡಿದುಕೊಂಡು, "ಎಲ್ಲಮ್ಮಾ ನಿನ್ನ ಹಕ್ಕಿ?" ಅಂದರು. ಅಷ್ಟರಲ್ಲಿ ಅವು ಬಂದವು. ಮೊದಲನೆಯದು ಆ ವರದಿಯ ಮೇಲೇ ಹಿಕ್ಕೆ ಹಾಕಿತು, ಪೀಪಿ ಮಾಮ ಆಕಾಶಕ್ಕೆ ಕೈ ಮುಗಿದ. ನನ್ನ ಕಿವಿಗೆ ಕುಕ್ಕಿದ್ದು ಆಗಲೇ. ಮೇಡಂ ಹಿಂದಕ್ಕೆ ಒಂದು ಹೆಜ್ಜೆ ಇಡಲು ಹೋದರು, ನಾನು ಕಿರುಚಿದೆ. ಅವರ ಹಿಮ್ಮಡಿಯಿಂದ ಒಂದು ಗೇಣಿನಲ್ಲಿ ಮರಿಯಿತ್ತು. ಮರಳಿನ ಬಣ್ಣದ ಮರಿ, ಕತ್ತನ್ನು ನೆಲಕ್ಕೆ ಅಂಟಿಸಿಕೊಂಡು ಚಪ್ಪಟೆಯಾಗಿ ಮಲಗಿತ್ತು, ಕಣ್ಣು ಮಾತ್ರ ತೆರೆದಿತ್ತು. ಅವರು ಆ ಒಂಟಿ ಕಾಲಿನ ಮೇಲೆ ಎಷ್ಟು ಹೊತ್ತು ನಿಂತಿದ್ದರೋ. ಆಮೇಲೆ ಅವರಿಗೇ ಕಾಣತೊಡಗಿತು, ಒಂದು ಕಂಡ ಮೇಲೆ ಉಳಿದವು ಕಾಣುತ್ತವೆ. ಇನ್ನೊಂದು, ಅಗೋ ಮತ್ತೊಂದು, ಒಡೆದ ಚಿಪ್ಪು, ತಡವಾಗಿ ಇಟ್ಟ ಎರಡು ಮೊಟ್ಟೆ. ಮೂವತ್ತೊಂದು ಮರಿಗಳವರೆಗೆ ಎಣಿಸಿ ಸಾಕು ಅಂದರು. ಜಾಸ್ತಿ ಹೊತ್ತು ನಿಂತರೆ ತಾಯಂದಿರು ಬಂದು ನೆರಳು ಹಿಡಿಯುವುದಿಲ್ಲ, ಬಿಸಿಲಿಗೆ ಮರಿ ಸಾಯುತ್ತದೆ ಅಂತ ಪೀಪಿ ಮಾಮ ಹೇಳಿದ ಮೇಲೆ ಎಲ್ಲರೂ ಸದ್ದಿಲ್ಲದೆ ಹಿಂದೆ ಸರಿದೆವು.

ಅಳಿವೆಯ ದಡದಲ್ಲಿ ಕೂತು ಅಮ್ಮ ಚೀಲ ಬಿಚ್ಚಿ ಕ್ಯಾಲೆಂಡರ್ ತೋರಿಸಿದಳು. ಮೇಡಂ ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಒಂದು ತಿಂಗಳಿನಿಂದ ಇನ್ನೊಂದಕ್ಕೆ ತಿರುವಿ, ಗೀಟುಗಳ ಮೇಲೆ ಬೆರಳಾಡಿಸಿದರು. "ಇವನ್ನ ಎಳೆದವರು ಯಾರು, ಇಷ್ಟು ನೀಟಾಗಿ?" ಅಂತ ಕೇಳಿದರು. "ನನ್ನ ಮಗ" ಅಂತ ಅಮ್ಮ ಹೇಳಿದಳು, ಹೇಳಿ ಮುಖ ತಿರುಗಿಸಿ ನೀರು ನೋಡಿದಳು. ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ಅದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. ಆಮೇಲೆ ಮೇಡಂ ನನ್ನ ಕಡೆ ತಿರುಗಿದರು. "ಇವತ್ತು ಮರಿ ಇದಾವೆ ಅಂತ ನಾನು ಬರೀತೀನಿ. ಅಷ್ಟು ಸಾಲಲ್ಲ. ಆಗ ಬಿಟ್ಟು ಹೋಗಿದ್ವು, ಈಗ ಬೇರೆಯವು ಬಂದಿವೆ, ಬರೋ ವರ್ಷ ಬರಲ್ಲ ಅಂತ ಕಂಪನಿಯೋರು ವಾದ ಮಾಡ್ತಾರೆ. ನನಗೆ ಆ ಹದಿಮೂರು ದಿನ ಬೇಕು" ಅಂದರು. ನನ್ನ ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ನನಗೆ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನಾನು ಉತ್ತರ ಕೊಟ್ಟೆ. ಆ ಉತ್ತರವೇ ಅಮ್ಮ ಮಾತು ಬಿಡಲು ಕಾರಣ. ಅದನ್ನು ಇಲ್ಲಿ ಬರೆಯಲು ಇಷ್ಟವಿಲ್ಲ. ನಿನ್ನನ್ನು ಬೈಯುತ್ತಿರುವಾಗ ನಡುವೆ ಅದು ಬಂದರೆ ಬೈಗುಳ ಸಪ್ಪೆಯಾಗುತ್ತದೆ.

ನಿನ್ನ ಕೆಲಸಕ್ಕೆ ಕುತ್ತು ಬರಬಹುದು ಅಂತ ಅಪ್ಪ ಹೇಳಿದರು. ಬರಬಹುದು. ಯೋಚನೆ ಮಾಡದೆ ಅರ್ಜಿ ಕೊಟ್ಟೆ ಅಂತ ತಿಳಿಯಬೇಡ, ಶುಕ್ರವಾರವಿಡೀ ಅದನ್ನೇ ಯೋಚಿಸಿದೆ. ನೀನು ಕಳಿಸಿದ ಫ್ಯಾನು ಈಗಲೂ ನನ್ನ ತಲೆಯ ಮೇಲೆ ತಿರುಗುತ್ತಿದೆ, ಆ ಗಾಳಿಯಲ್ಲೇ ಕೂತು ನಿನ್ನ ವಿರುದ್ಧ ಬರೆದೆ. ಆ ತೀರಕ್ಕೆ ಜೀಪು ಇಳಿದರೆ ಮರಿಗಳು ಓಡುವುದಿಲ್ಲ. ಅಪಾಯ ಬಂದರೆ ಅಲ್ಲಾಡದೆ ಮಲಗು ಅಂತ ಅವಕ್ಕೆ ತಾಯಂದಿರು ಕಲಿಸಿದ್ದಾರೆ, ಚಕ್ರ ಬಂದರೂ ಅವು ಅದನ್ನೇ ಮಾಡುತ್ತವೆ. ಅದನ್ನು ಕಣ್ಣಾರೆ ನೋಡಿದವಳಿಗೆ ನಿನ್ನ ಮೀಟಿಂಗಿನ ಕಷ್ಟ ಹೇಳಬೇಡ. ಅಪ್ಪ ನಿನಗೆ ಆಶೀರ್ವಾದ ತಿಳಿಸು ಅಂದಿದ್ದಾರೆ, ತಿಳಿಸಿದ್ದೇನೆ. ಅಮ್ಮ ನಿನ್ನ ಹಳೆಯ ಅಂಗಿಗೆ ಗುಂಡಿ ಹಾಕಿ ಮಡಚಿಟ್ಟಿದ್ದಾಳೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಸಿಟ್ಟಿದ್ದರೂ ಅದನ್ನು ಹೇಳುತ್ತೇನೆ.

ಇಂತಿ,
ನಿನ್ನ ತಂಗಿ
(ಈ ಸಲ ಬುಗುರಿ ಅಂತ ಸಹಿ ಮಾಡುವುದಿಲ್ಲ)

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಕಿತ್ತೆ. ಅಂಚೆ ಎತ್ತುವವನು ಮೂರೂವರೆಗೆ ಬರುತ್ತಾನೆ, ಬೇಗ ಬೇಗ ಬರೆಯುತ್ತೇನೆ. ಮೇಡಂ ಕೇಳಿದ್ದು ಇಷ್ಟೇ: "ಈ ಹದಿಮೂರು ದಿನವೂ ನೀನು ಖುದ್ದಾಗಿ ಹೋಗಿ ಎಣಿಸಿದ್ಯಾ?" ಇಲ್ಲ ಅಂದೆ. ಹದಿನಾಲ್ಕನೇ ದಿನ ಮತ್ತು ಹದಿನೇಳನೇ ದಿನ ಹೋಗಿಲ್ಲ. ಜ್ವರವಿರಲಿಲ್ಲ, ಮಳೆಯಿರಲಿಲ್ಲ. ಒಂದು ದಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಮಲಗಿದ್ದೆ, ಇನ್ನೊಂದು ದಿನ ಸುಮ್ಮನೆ ಊರು ಸುತ್ತಿದೆ. ಸಂಜೆ ಬಂದು ಗೀಟು ಎಳೆದೆ. ಹೇಗೂ ನಿನ್ನೆಯಷ್ಟೇ ಇರುತ್ತವೆ ಅಂದುಕೊಂಡೆ. ಮಾರನೇ ದಿನ ಹೋದಾಗ ಅಷ್ಟೇ ಇದ್ದವು, ಆದರೆ ಅದು ಎಣಿಸಿದ್ದಲ್ಲ. ನೀನು ಇಪ್ಪತ್ತು ದಿನ ಹೋಗಲಿಲ್ಲ, ನಾನು ಎರಡೇ ದಿನ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅಮ್ಮ ಅಲ್ಲೇ, ಅವರ ಎದುರಿಗೇ, "ಆ ಎರಡನ್ನ ಬಾಯಿಬಿಡದೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಅಂದಳು. ಪೀಪಿ ಮಾಮ ಪೀಪಿಯನ್ನು ಬಾಯಿಗಿಟ್ಟು ಊದದೆ ತೆಗೆದ. ಮೇಡಂ ಪುಸ್ತಕ ಮುಚ್ಚಿದರು. ಬರೆದವಳೇ ಎರಡು ದಿನ ಸುಳ್ಳು ಅಂತ ಒಪ್ಪಿಕೊಂಡ ಪುಸ್ತಕವೊಂದನ್ನೇ ನಂಬಿ ಆದೇಶ ಬರೆಯಲು ಬರುವುದಿಲ್ಲವಂತೆ. ವರದಿಗೆ ಸಹಿ ಹಾಕಿದವನು, ಗೀಟಿನ ಅರ್ಥ ನನಗೆ ಗೊತ್ತಿತ್ತು, ಸೊನ್ನೆ ಅಂತ ಹೋದದ್ದು ತಪ್ಪು ಅಂತ ಬರೆದುಕೊಟ್ಟರೆ ಉಳಿದ ಹನ್ನೊಂದು ದಿನ ನಿಲ್ಲುತ್ತವೆ, ತುದಿ ಮುಚ್ಚಿಯೇ ಇರುತ್ತದೆ. ಇಲ್ಲದಿದ್ದರೆ ಇಲ್ಲ. ಅಂದರೆ ನಾನು ಹಾಳುಮಾಡಿದ್ದನ್ನು ನೀನು ಸರಿಮಾಡಬೇಕು, ನೀನು ಹಾಳುಮಾಡಿದ್ದನ್ನೂ ನೀನೇ. ಮೇಲೆ ಬೈದದ್ದರಲ್ಲಿ ಒಂದು ಅಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ, ಬೇಡಿಕೊಳ್ಳುತ್ತಲೂ ಇಲ್ಲ, ಕೇಳುತ್ತಿದ್ದೇನೆ. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದರ ಮೇಲರ್ಧದಲ್ಲಿ ನನ್ನ ಎರಡು ದಿನದ ವಿಷಯ ಬರೆದು ಸಹಿ ಹಾಕಿದ್ದೇನೆ, ಕೆಳಗರ್ಧ ನಿನಗೆ. ಮೇಡಂ ಕಚೇರಿಯಲ್ಲಿ ವಿಚಾರಣೆ ಹದಿನೆಂಟಕ್ಕೆ, ಬೆಳಗ್ಗೆ ಹತ್ತೂವರೆಗೆ. ಅಂಚೆಗೆ ಹಾಕಬೇಡ. ತಗೊಂಡು ಬಾ.